ಧರ್ಮ ಟೀಕೆ ಮತ್ತು ಹಿಂಸೆ: ತಪ್ಪು ಕತ್ತಿ ಹಿಡಿದವನದ್ದೋ, ಪಾಠ ಮಾಡಿದ ಮೇಷ್ಟ್ರದ್ದೋ?

ಧರ್ಮದ ಹೆಸರಿನಲ್ಲಿ ರಕ್ತ ಹರಿದಾಗಲೆಲ್ಲ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. 'ಹಿಂಸೆ ತಪ್ಪು, ಆದರೆ ಅವರೂ ಹಾಗೆ ಬರೆಯಬಾರದಿತ್ತು' ಎಂಬುದು ಒಂದು. 'ಆ ಧರ್ಮದವರೆಲ್ಲ ಅಷ್ಟೇ' ಎಂಬುದು ಇನ್ನೊಂದು. ಈ ಮಾತುಗಳನ್ನು ಆಡುವವರು ಪರಸ್ಪರ ಕಡುವಿರೋಧಿಗಳು. ಆದರೆ ಎರಡೂ ಮಾತುಗಳ ಪರಿಣಾಮ ಒಂದೇ. ಕೊಂದವನ ಹೊಣೆ ಹಗುರಾಗುತ್ತದೆ, ಇನ್ಯಾರದೋ ಹೆಗಲು ಭಾರವಾಗುತ್ತದೆ. ಕೇರಳ ಮತ್ತು ಫ್ರಾನ್ಸಿನ ಇಬ್ಬರು ಶಿಕ್ಷಕರಿಗೆ ಆದದ್ದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ತೊಡುಪುಳದ ಪ್ರಶ್ನೆಪತ್ರಿಕೆ

ಕೇರಳದ ತೊಡುಪುಳದ ನ್ಯೂಮನ್ ಕಾಲೇಜಿನಲ್ಲಿ ಮಲಯಾಳಂ ಪ್ರಾಧ್ಯಾಪಕರಾಗಿದ್ದ ಟಿ.ಜೆ. ಜೋಸೆಫ್ 2010ರ ಮಾರ್ಚ್‌ನಲ್ಲಿ ಆಂತರಿಕ ಪರೀಕ್ಷೆಗೆ ಒಂದು ಪ್ರಶ್ನೆ ಕೊಟ್ಟರು. ಹುಚ್ಚನೊಬ್ಬ ದೇವರೊಂದಿಗೆ ಆಡುವ ಮಾತಿಗೆ ವಿರಾಮ ಚಿಹ್ನೆಗಳನ್ನು ಹಾಕಬೇಕಿತ್ತು. ಆ ಪಾತ್ರಕ್ಕೆ ಅವರು ಇಟ್ಟ 'ಮುಹಮ್ಮದ್' ಎಂಬ ಹೆಸರು ವಿವಾದವಾಯಿತು. ಪ್ರತಿಭಟನೆ ನಡೆಯಿತು, ಕಾಲೇಜು ಅವರನ್ನು ಅಮಾನತು ಮಾಡಿತು, ಪೊಲೀಸರು ಬಂಧಿಸಿದರು.

2010ರ ಜುಲೈ 4ರಂದು ಚರ್ಚ್‌ನಿಂದ ಮನೆಗೆ ಮರಳುತ್ತಿದ್ದಾಗ ದುಷ್ಕರ್ಮಿಗಳ ಗುಂಪೊಂದು ಕಾರು ತಡೆದು ಅವರ ಬಲಗೈ ಕತ್ತರಿಸಿತು. ಇಷ್ಟಾದ ಮೇಲೂ ಕಾಲೇಜು ಅವರನ್ನು ಕೆಲಸದಿಂದ ವಜಾ ಮಾಡಿತು. 2013ರಲ್ಲಿ ನ್ಯಾಯಾಲಯ ಅವರನ್ನು ಆರೋಪದಿಂದ ಮುಕ್ತಗೊಳಿಸಿತಾದರೂ ಕೆಲಸ ಸಿಗಲಿಲ್ಲ. 2014ರ ಮಾರ್ಚ್‌ನಲ್ಲಿ ಪತ್ನಿ ಆತ್ಮಹತ್ಯೆ ಮಾಡಿಕೊಂಡ ನಂತರವಷ್ಟೇ, ನಿವೃತ್ತಿಗೆ ಕೆಲವೇ ದಿನ ಉಳಿದಿರುವಾಗ, ಮರುನೇಮಕವಾಯಿತು.

ದಾಳಿಕೋರರು ಪಾಪ್ಯುಲರ್ ಫ್ರಂಟ್ ಆಫ್ ಇಂಡಿಯಾ ಸಂಘಟನೆಯೊಂದಿಗೆ ನಂಟು ಹೊಂದಿದ್ದರು ಎಂದು ತನಿಖೆ ಹೇಳಿತು. 2015ರಲ್ಲಿ ಮತ್ತು 2023ರಲ್ಲಿ ಎನ್‌ಐಎ ನ್ಯಾಯಾಲಯ ಹಲವರಿಗೆ ಶಿಕ್ಷೆ ವಿಧಿಸಿತು. ಮೊದಲ ಆರೋಪಿ ಸಿಕ್ಕಿಬಿದ್ದದ್ದು 2024ರ ಜನವರಿಯಲ್ಲಿ. ಕೈ ಕತ್ತರಿಸಿದವರನ್ನು ಕಾನೂನು ತಲುಪಲು ಇಷ್ಟು ವರ್ಷ ಬೇಕಾಯಿತು. ಪ್ರಶ್ನೆ ಬರೆದವರಿಗೆ ಸಮಾಜ ಮತ್ತು ಸಂಸ್ಥೆ ಕೊಟ್ಟ ಶಿಕ್ಷೆ ಮಾತ್ರ ಕೂಡಲೇ ಜಾರಿಯಾಯಿತು.

ಒಂದು ಸುಳ್ಳಿನ ಬೆಲೆ

ಹತ್ತು ವರ್ಷಗಳ ನಂತರ, 2020ರ ಅಕ್ಟೋಬರ್‌ನಲ್ಲಿ, ಪ್ಯಾರಿಸ್ ಸಮೀಪದ ಶಾಲೆಯೊಂದರ ಇತಿಹಾಸ ಶಿಕ್ಷಕ ಸ್ಯಾಮ್ಯುಯೆಲ್ ಪಾಟಿ ಅಭಿವ್ಯಕ್ತಿ ಸ್ವಾತಂತ್ರ್ಯದ ಪಾಠದಲ್ಲಿ ಚಾರ್ಲಿ ಹೆಬ್ಡೊ ಪತ್ರಿಕೆಯ ವ್ಯಂಗ್ಯಚಿತ್ರ ತೋರಿಸಿದರು. ನೋವಾಗುವುದಾದರೆ ನೋಡಬೇಕಿಲ್ಲ ಎಂದು ಮಕ್ಕಳಿಗೆ ಮೊದಲೇ ಹೇಳಿದ್ದರು. ಮುಸ್ಲಿಂ ಮಕ್ಕಳನ್ನು ಹೊರಗೆ ಹೋಗುವಂತೆ ಹೇಳಿದರು ಎಂದು 13 ವರ್ಷದ ವಿದ್ಯಾರ್ಥಿನಿಯೊಬ್ಬಳು ಮನೆಯಲ್ಲಿ ದೂರಿದಳು. ಆಕೆ ಆ ತರಗತಿಯಲ್ಲಿ ಇರಲೇ ಇಲ್ಲ.

ತಂದೆಯ ವಿಡಿಯೋ ಜಾಲತಾಣಗಳಲ್ಲಿ ಹರಿದಾಡಿತು. ಅಕ್ಟೋಬರ್ 16ರಂದು, ಪಾಟಿಯವರನ್ನು ಎಂದೂ ಕಂಡಿರದ 18 ವರ್ಷದ ಯುವಕ, ಗುರುತು ತೋರಿಸಲು ವಿದ್ಯಾರ್ಥಿಗಳಿಗೆ ಹಣ ಕೊಟ್ಟು, ಅವರ ತಲೆ ಕಡಿದ. ಅವನು ಪೊಲೀಸರ ಗುಂಡಿಗೆ ಬಲಿಯಾದ. 2024ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನ ವಿಶೇಷ ನ್ಯಾಯಾಲಯ ಎಂಟು ಮಂದಿಯನ್ನು ತಪ್ಪಿತಸ್ಥರೆಂದು ತೀರ್ಪು ಕೊಟ್ಟಿತು. ಅವರಲ್ಲಿ ಕೊಲೆಗಾರನ ಗೆಳೆಯರ ಜತೆಗೆ ದ್ವೇಷದ ಪ್ರಚಾರ ನಡೆಸಿದವರೂ ಇದ್ದರು.

ಈ ತೀರ್ಪು ಗಮನಾರ್ಹ. ಅಲ್ಲಿ ಯಾರದೇ ಧರ್ಮವನ್ನು ವಿಚಾರಣೆಗೆ ಒಳಪಡಿಸಲಿಲ್ಲ. ಯಾರು ಏನು ಮಾಡಿದರು, ಯಾರು ಸುಳ್ಳು ಹಬ್ಬಿಸಿದರು, ಯಾರು ನೆರವಾದರು ಎಂಬುದನ್ನಷ್ಟೇ ನೋಡಲಾಯಿತು.

ಇಡೀ ಸಮುದಾಯ ಹೊಣೆಯೇ?

2015ರ ಜನವರಿ 7ರಂದು ಚಾರ್ಲಿ ಹೆಬ್ಡೊ ಕಚೇರಿ ಮೇಲಿನ ದಾಳಿಯಲ್ಲಿ 12 ಮಂದಿ ಸತ್ತರು. ದಾಳಿಕೋರರು ಬೀದಿಯಲ್ಲಿ ಗುಂಡಿಟ್ಟು ಕೊಂದ ಪೊಲೀಸ್ ಅಧಿಕಾರಿ ಅಹ್ಮದ್ ಮೆರಾಬೆ ಮುಸ್ಲಿಂ. ಕಚೇರಿಯೊಳಗೆ ಸತ್ತ ಕರಡು ತಿದ್ದುವ ಮುಸ್ತಫಾ ಉರ್ರಾದ್ ಅಲ್ಜೀರಿಯಾ ಮೂಲದವರು. ಎರಡು ದಿನದ ಬಳಿಕ ಯಹೂದಿ ಅಂಗಡಿಯ ಮೇಲೆ ದಾಳಿಯಾದಾಗ ಗ್ರಾಹಕರನ್ನು ನೆಲಮಾಳಿಗೆಯಲ್ಲಿ ಅಡಗಿಸಿದ ಲಸ್ಸಾನಾ ಬಾತಿಲಿ ಮಾಲಿ ದೇಶದ ಮುಸ್ಲಿಂ. 'ಅವರೆಲ್ಲ ಅಷ್ಟೇ' ಎನ್ನುವವರ ಲೆಕ್ಕದಲ್ಲಿ ಈ ಮೂವರಿಗೆ ಜಾಗವೇ ಇಲ್ಲ.

ಇದು ಒಂದೇ ಧರ್ಮದ ಪ್ರಶ್ನೆಯೂ ಅಲ್ಲ. 2013ರಲ್ಲಿ ಪುಣೆಯಲ್ಲಿ ನರೇಂದ್ರ ದಾಭೋಲ್ಕರ್, 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಗುಂಡಿಗೆ ಬಲಿಯಾದರು. ಪ್ರತಿ ಬಾರಿಯೂ ಕೊಲೆಯನ್ನು ಸಮರ್ಥಿಸುವ ಪೋಸ್ಟ್‌ಗಳು ಬಂದವು. ದಾಭೋಲ್ಕರ್ ಪ್ರಕರಣದಲ್ಲಿ 2024ರ ಮೇನಲ್ಲಿ ಪುಣೆಯ ನ್ಯಾಯಾಲಯ ಇಬ್ಬರಿಗೆ ಜೀವಾವಧಿ ಶಿಕ್ಷೆ ವಿಧಿಸಿ, ಮೂವರನ್ನು ಬಿಡುಗಡೆ ಮಾಡಿತು. ಸತ್ತವರನ್ನು ಹಿಂದೂ ವಿರೋಧಿ ಎಂದು ಬಿಂಬಿಸಿ ಕೊಲೆಯನ್ನು ಸಮರ್ಥಿಸಲು ಪ್ರತಿವಾದಿಗಳು ಯತ್ನಿಸಿದ್ದನ್ನು ನ್ಯಾಯಾಲಯ ಖಂಡಿಸಿತು. 'ಆದರೆ' ಎಂಬ ಪದ ಕಟಕಟೆಯವರೆಗೂ ಬಂದಿತ್ತು.

ಗೆರೆ ಎಲ್ಲಿ?

ಟೀಕೆಯ ಹೆಸರಿನಲ್ಲಿ ದ್ವೇಷ ಹರಡುವವರು ಇಲ್ಲವೆಂದಲ್ಲ. ಫ್ರಾನ್ಸಿನ ಕಾನೂನು ಇಲ್ಲಿ ಒಂದು ಗೆರೆ ಎಳೆಯುತ್ತದೆ. ಅಲ್ಲಿ ದೇವನಿಂದನೆ ಅಪರಾಧವಲ್ಲ, ಧರ್ಮದ ಕಾರಣಕ್ಕೆ ಜನರ ವಿರುದ್ಧ ದ್ವೇಷ ಕೆರಳಿಸುವುದು ಅಪರಾಧ. 2007ರಲ್ಲಿ ಮುಸ್ಲಿಂ ಸಂಘಟನೆಗಳು ಚಾರ್ಲಿ ಹೆಬ್ಡೊ ವಿರುದ್ಧ ಹೂಡಿದ ಮೊಕದ್ದಮೆ ಇದೇ ಆಧಾರದಲ್ಲಿ ಬಿದ್ದುಹೋಯಿತು. ಭಾರತದಲ್ಲಿ 1927ರಲ್ಲಿ ಬಂದ 295ಎ ಕಲಂ, ಈಗಿನ ನ್ಯಾಯ ಸಂಹಿತೆಯ 299, ಧಾರ್ಮಿಕ ಭಾವನೆಯನ್ನು ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಕೆರಳಿಸುವುದನ್ನು ಶಿಕ್ಷಿಸುತ್ತದೆ. ದುರುದ್ದೇಶ ಇತ್ತೇ ಎಂದು ತೀರ್ಮಾನವಾಗುವುದು ಕೊನೆಯಲ್ಲಿ. ಬಂಧನ ಆಗುವುದು ಮೊದಲಲ್ಲಿ. ಜೋಸೆಫ್ ವಿಷಯದಲ್ಲಿ ಆದದ್ದೂ ಅದೇ.

ಜೋಸೆಫ್ ಬೇರೆ ಹೆಸರು ಆರಿಸಬಹುದಿತ್ತೇ, ಪಾಟಿ ಬೇರೆ ಚಿತ್ರ ತೋರಿಸಬಹುದಿತ್ತೇ ಎಂಬ ಚರ್ಚೆ ತಪ್ಪಲ್ಲ. ಅದು ಸ್ಟಾಫ್ ರೂಮಿನಲ್ಲಿ, ಪೋಷಕರ ಸಭೆಯಲ್ಲಿ ನಡೆಯಬೇಕಾದ ಚರ್ಚೆ. ಕತ್ತಿ ಬೀಸಿದ ಮೇಲೆ ಅದೇ ಪ್ರಶ್ನೆ ಕೇಳಿದರೆ ಅದು ಕತ್ತಿಗೆ ವಕಾಲತ್ತು ವಹಿಸಿದಂತಾಗುತ್ತದೆ. ಆಗ ಮುಂದಿನ ಮೇಷ್ಟ್ರು ಪಾಠವನ್ನೇ ಬಿಟ್ಟುಬಿಡುತ್ತಾರೆ. ಆ ಮೌನಕ್ಕೆ ಯಾವ ಠಾಣೆಯಲ್ಲೂ ದೂರು ದಾಖಲಾಗುವುದಿಲ್ಲ.