ಪುನುಗು ಕಾಫಿ: ಬಟ್ಟಲಿನ ಹಿಂದಿರುವ ಪಂಜರ

ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ ಉಬುದ್‌ನಿಂದ ಕಿಂತಾಮಣಿಯ ಬೆಟ್ಟದತ್ತ ಸಾಗುವ ಪ್ರವಾಸಿಗರನ್ನು ದಾರಿಬದಿಯ ಕಾಫಿ ತೋಟಗಳು ಕೈಬೀಸಿ ಕರೆಯುತ್ತವೆ. ಶುಂಠಿ, ಮಜ್ಜಿಗೆಹುಲ್ಲುಗಳ ಚಹಾ ಪುಟ್ಟ ಬಟ್ಟಲುಗಳಲ್ಲಿ ಪುಕ್ಕಟೆಯಾಗಿ ಬರುತ್ತದೆ. ‘ಕೋಪಿ ಲುವಾಕ್’ಗೆ ಮಾತ್ರ ಬೇರೆ ಹಣ. ಪುನುಗು ಬೆಕ್ಕಿನ ಹಿಕ್ಕೆಯಿಂದ ಆಯ್ದ ಕಾಫಿಬೀಜವನ್ನು ತೊಳೆದು, ಒಣಗಿಸಿ, ಹುರಿದು ತಯಾರಿಸುವ ಈ ಕಾಫಿ ಕಿಲೋಗೆ ನೂರಾರು ಡಾಲರ್‌ಗಳಿಗೆ ಮಾರಾಟವಾಗುತ್ತದೆ.

ಈ ಬೆಲೆಗೆ ವ್ಯಾಪಾರಿಗಳು ಕೊಡುವ ಸಮರ್ಥನೆಯೊಂದಿದೆ: ಕಾಡಿನ ಬೆಕ್ಕು ರಾತ್ರಿಯಿಡೀ ಅಲೆದು, ಚೆನ್ನಾಗಿ ಮಾಗಿದ ಹಣ್ಣನ್ನಷ್ಟೇ ಆರಿಸಿ ತಿನ್ನುತ್ತದೆ. ಹಾಗಾದರೆ ಅದೇ ಬೆಕ್ಕನ್ನು ತಂತಿಯ ಗೂಡಿಗೆ ತಳ್ಳಿ, ಮುಂದಿಟ್ಟ ಹಣ್ಣನ್ನೇ ತಿನ್ನಿಸಿದ ಮೇಲೆ ಆ ಸಮರ್ಥನೆಯಲ್ಲಿ ಉಳಿಯುವುದೇನು? ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಪಾಲ್ಗೊಂಡು 2016ರಲ್ಲಿ ಪ್ರಕಟಿಸಿದ ಅಧ್ಯಯನವು ಬಾಲಿಯ 16 ತೋಟಗಳಲ್ಲಿ ಸೆರೆಯಲ್ಲಿದ್ದ ಸುಮಾರು 50 ಬೆಕ್ಕುಗಳ ಸ್ಥಿತಿಯನ್ನು ಪರಿಶೀಲಿಸಿತು. ಪ್ರಾಣಿಯ ಮೂಲಭೂತ ಅಗತ್ಯಗಳನ್ನು ಪೂರೈಸಿದ ತೋಟ ಒಂದೂ ಇರಲಿಲ್ಲ. ಒಂಟಿಯಾಗಿ, ಇರುಳಿನಲ್ಲಿ, ಮರದಿಂದ ಮರಕ್ಕೆ ಚಲಿಸುವ ಜೀವಿ ಹಗಲಿಡೀ ಪ್ರವಾಸಿಗರ ಗದ್ದಲದ ನಡುವೆ ಪ್ರದರ್ಶನದ ವಸ್ತುವಾಗಿದೆ. 1991ರಲ್ಲಿ ಈ ಕಾಫಿಯನ್ನು ಬ್ರಿಟನ್ನಿಗೆ ತಂದು ಪ್ರಚಾರಕ್ಕೆ ಕಾರಣರಾದ ಟೋನಿ ವೈಲ್ಡ್ ಅವರೇ 2013ರಲ್ಲಿ ಅದರ ವಿರುದ್ಧ ಆಂದೋಲನಕ್ಕಿಳಿಯಬೇಕಾಯಿತು.

ಇದು ಸಮುದ್ರದಾಚೆಯ ಸಂಗತಿಯೆಂದು ಮಲೆನಾಡು ಸುಮ್ಮನಿರುವಂತಿಲ್ಲ. ಕೊಡಗಿನಲ್ಲಿಯೂ ಪುನುಗು ಕಾಫಿ ಸಣ್ಣ ಪ್ರಮಾಣದಲ್ಲಿ ತಯಾರಾಗುತ್ತಿರುವುದು 2017ರಲ್ಲಿ ವರದಿಯಾಯಿತು. ತೋಟದಲ್ಲಿ ತಾನಾಗಿ ಬಿದ್ದ ಹಿಕ್ಕೆಯನ್ನಷ್ಟೇ ಆಯಲಾಗುತ್ತದೆ ಎಂಬುದು ತಯಾರಕರ ವಾದ. ಅದು ನಿಜವೇ ಇರಬಹುದು. ಆದರೆ ಇಂಡೋನೇಷ್ಯಾದಲ್ಲಿಯೂ ಆರಂಭ ಹಾಗೆಯೇ ಇತ್ತು. ಬೇಡಿಕೆ ಬೆಳೆದಂತೆ ಗೂಡುಗಳು ಬಂದವು. ಹುರಿದ ಬೀಜವನ್ನು ಕಂಡು ಅದು ಕಾಡಿನದೋ ಗೂಡಿನದೋ ಎಂದು ಹೇಳಬಲ್ಲ ಗ್ರಾಹಕನಿಲ್ಲ.

ಪಶ್ಚಿಮಘಟ್ಟದಲ್ಲಿ ಪುನುಗು ಬೆಕ್ಕು ಬೈನೆ ಮೊದಲಾದ ಮರಗಳ ಹಣ್ಣು ತಿಂದು, ಬೀಜಗಳನ್ನು ಕಾಡಿನುದ್ದಕ್ಕೂ ಬಿತ್ತುತ್ತದೆ. ಇಲ್ಲಿನ ಕಂದು ಪುನುಗು ಬೆಕ್ಕಂತೂ ಲೋಕದ ಬೇರೆಲ್ಲಿಯೂ ಇಲ್ಲದ ಪ್ರಭೇದ. ಇವುಗಳನ್ನು ಹಿಡಿದು ಕೂಡಿಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ. ಆದರೆ ನೂರಾರು ಡಾಲರ್‌ಗಳ ಆಮಿಷದ ಮುಂದೆ, ಪ್ರತಿ ತೋಟದ ಹಿತ್ತಿಲನ್ನೂ ಕಾಯಲು ಕಾಯ್ದೆಯೊಂದರಿಂದಲೇ ಆಗದು.

ಆದ್ದರಿಂದ, ಹೋಂಸ್ಟೇಗಳು ಈ ಕಾಫಿಯನ್ನು ಆಕರ್ಷಣೆಯಾಗಿ ಮಾರಲು ಹೊರಡುವ ಮುನ್ನವೇ ಬೆಳೆಗಾರರ ಸಂಘಗಳು ಅದನ್ನು ಬಹಿರಂಗವಾಗಿ ತಿರಸ್ಕರಿಸಬೇಕು. ಬಾಲಿಗೆ ತೆರಳುವ ಕನ್ನಡಿಗ ಪ್ರವಾಸಿಯೂ ಆ ಬಟ್ಟಲನ್ನು ಮುಟ್ಟದೆ ಹಿಂದಿರುಗಿಸಬೇಕು. ಮರಗಳ ನೆರಳಿನಲ್ಲಿ ಮಾಗಿ, ಕೂಲಿಕಾರರ ಕೈ ಆರಿಸಿದ ಮಲೆನಾಡಿನ ಕಾಫಿಗೆ ಬೆಕ್ಕಿನ ಕರುಳಿನ ಶಿಫಾರಸು ಬೇಕಿಲ್ಲ.