ಚರ್ಚು ತಿದ್ದಿಕೊಂಡದ್ದು ಏನನ್ನು?

ಗುಡ್ ಫ್ರೈಡೇಯಂದು ಕ್ಯಾಥೊಲಿಕ್ ಇಗರ್ಜಿಗಳಲ್ಲಿ ಸಲ್ಲಿಸಲಾಗುವ ಪ್ರಾರ್ಥನೆಗಳಲ್ಲಿ ಯಹೂದಿಯರಿಗಾಗಿ ಇರುವ ಪ್ರಾರ್ಥನೆಯೂ ಒಂದು. ಶತಮಾನಗಳ ಕಾಲ ಅದರಲ್ಲಿ ಅವರನ್ನು ವಿಶ್ವಾಸಹೀನರೆಂದು ಕರೆಯುವ ಲ್ಯಾಟಿನ್ ವಿಶೇಷಣವೊಂದಿತ್ತು. ಇತರರಿಗಾಗಿ ಪ್ರಾರ್ಥಿಸುವಾಗ ಮಂಡಿಯೂರುತ್ತಿದ್ದ ಭಕ್ತರು ಯಹೂದಿಯರ ಸರದಿ ಬಂದಾಗ ಮಾತ್ರ ನಿಂತೇ ಇರುತ್ತಿದ್ದರು. ಮಂಡಿಯೂರುವ ಕ್ರಮ ಮರಳಿ ಬಂದದ್ದು 1955ರಲ್ಲಿ. ಆ ವಿಶೇಷಣವನ್ನು ಪೋಪ್ ಇಪ್ಪತ್ತಮೂರನೇ ಜಾನ್ ತೆಗೆದುಹಾಕಿಸಿದ್ದು 1959ರಲ್ಲಿ. ಅಂದರೆ ಹಿಟ್ಲರನ ಆಡಳಿತವು ಸುಮಾರು 60 ಲಕ್ಷ ಯಹೂದಿಯರನ್ನು ಕೊಂದು ದಶಕವೇ ಕಳೆದ ಮೇಲೆ.

ವಿಪರ್ಯಾಸವೆಂದರೆ, ಯೇಸು ಯಹೂದಿ ಮನೆತನದಲ್ಲಿ ಜನಿಸಿದವರು. ಅವರ ತಾಯಿಯೂ ಪ್ರಥಮ ಶಿಷ್ಯರೂ ಯಹೂದಿಯರೇ. ದೇವರು ತನ್ನ ಜನರನ್ನು ತ್ಯಜಿಸಿಲ್ಲವೆಂದೂ, ಅನ್ಯಜನಾಂಗದ ವಿಶ್ವಾಸಿಗಳು ಆಲಿವ್ ಮರಕ್ಕೆ ಕಸಿ ಮಾಡಿದ ಕೊಂಬೆಗಳೇ ಹೊರತು ಬೇರಲ್ಲವೆಂದೂ ಸಂತ ಪೌಲರು ರೋಮಾಪುರದವರಿಗೆ ಬರೆದ ಪತ್ರದಲ್ಲಿ ವಿವರಿಸಿದ್ದಾರೆ. ಆದರೆ ಚರ್ಚಿಗೆ ಸಾಮ್ರಾಜ್ಯದ ಆಸರೆ ದೊರೆತ ಬಳಿಕ ಪೌಲರ ಈ ಮಾತು ಹಿನ್ನೆಲೆಗೆ ಸರಿಯಿತು. ಯೇಸುವನ್ನು ಶಿಲುಬೆಗೇರಿಸಿದ ಪಾಪವು ಎಲ್ಲ ಕಾಲದ ಎಲ್ಲ ಯಹೂದಿಯರ ಮೇಲಿದೆ ಎಂಬ ಬೋಧನೆ ಬೇರೂರಿತು. ಯಹೂದಿಯರನ್ನು ಕೊಲ್ಲಬಾರದು, ಅವರು ಚದುರಿಹೋಗಿ ನಮ್ಮ ಗ್ರಂಥಕ್ಕೆ ಸಾಕ್ಷಿಗಳಾಗಿ ಬದುಕಿರಲಿ ಎಂಬುದು ಸಂತ ಅಗಸ್ಟಿನರ ನಿಲುವಾಗಿತ್ತು. ಕೃಪೆಯಲ್ಲಿಯೂ ಎಂತಹ ಅವಮಾನ! 1543ರಲ್ಲಿ ಅವರ ಪ್ರಾರ್ಥನಾಲಯಗಳನ್ನು ಸುಡಬೇಕೆಂದು ಬರೆದವನು ಸುಧಾರಕನೆಂದೇ ಖ್ಯಾತನಾದ ಮಾರ್ಟಿನ್ ಲೂಥರ್. 1555ರಲ್ಲಿ ನಾಲ್ಕನೇ ಪೌಲ್ ಎಂಬ ಪೋಪ್ ರೋಮಿನ ಯಹೂದಿಯರನ್ನು ಗೋಡೆಯೊಳಗಿನ ಕೇರಿಗೆ ತಳ್ಳಿದರು. ನಾಝಿಗಳ ಜನಾಂಗವಾದವು ಚರ್ಚಿನ ಬೋಧನೆಯಲ್ಲ, ನಿಜ. ಆದರೆ ಅದು ಬಿತ್ತಿದ ನೆಲವನ್ನು ಹದಗೊಳಿಸಿದವರು ಯಾರೆಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು.

ಈ ಪ್ರಶ್ನೆಯನ್ನು ಚರ್ಚಿನ ಬಾಗಿಲಿಗೆ ಕೊಂಡೊಯ್ದವರು ಫ್ರಾನ್ಸಿನ ಯಹೂದಿ ಇತಿಹಾಸಕಾರ ಜೂಲ್ಸ್ ಐಸಾಕ್. ಅವರ ಪತ್ನಿಯನ್ನೂ ಮಗಳನ್ನೂ ನಾಝಿಗಳು ಕೊಂದಿದ್ದರು. ತಲೆಮರೆಸಿಕೊಂಡು ಬದುಕುತ್ತಿದ್ದಾಗಲೇ ಅವರು ಬರೆದ, 1948ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಸೇಡಿನ ಮಾತಿರಲಿಲ್ಲ. ಸುವಾರ್ತೆಗಳು ಏನು ಹೇಳುತ್ತವೆ, ಉಪದೇಶಕರು ಏನು ಬೋಧಿಸಿದರು ಎಂಬುದನ್ನು ಅವರು ಅಕ್ಕಪಕ್ಕದಲ್ಲಿಟ್ಟು ತೋರಿಸಿದರು. 1960ರ ಜೂನ್ 13ರಂದು, ತಮ್ಮ 82ನೇ ವಯಸ್ಸಿನಲ್ಲಿ, ಪೋಪರನ್ನು ಭೇಟಿಯಾಗಿ ತಿರಸ್ಕಾರದ ಈ ಬೋಧನೆಯನ್ನು ಪರಿಶೀಲಿಸಬೇಕೆಂದು ವಿನಂತಿಸಿಕೊಂಡರು. ಪೋಪ್ ಆ ಹೊಣೆಯನ್ನು ಕಾರ್ಡಿನಲ್ ಬೆಯಾ ಅವರಿಗೆ ವಹಿಸಿದರು. ಫಲವನ್ನು ನೋಡಲು ಐಸಾಕ್ ಬದುಕಿರಲಿಲ್ಲ, 1963ರಲ್ಲಿ ತೀರಿಕೊಂಡರು. ಆ ಪೋಪರೂ ಅದೇ ವರ್ಷ ನಿಧನರಾದರು.

1965ರ ಅಕ್ಟೋಬರ್ 28ರಂದು ಎರಡನೇ ವ್ಯಾಟಿಕನ್ ಮಹಾಸಭೆಯು 88ರ ವಿರುದ್ಧ 2,221 ಮತಗಳಿಂದ ಘೋಷಣೆಯನ್ನು ಅಂಗೀಕರಿಸಿತು. ಯೇಸುವಿನ ಮರಣದ ಹೊಣೆಯನ್ನು ಆ ಕಾಲದ ಎಲ್ಲ ಯಹೂದಿಯರ ಮೇಲಾಗಲಿ ಇಂದಿನ ಯಹೂದಿಯರ ಮೇಲಾಗಲಿ ಹೊರಿಸುವಂತಿಲ್ಲ, ಅವರನ್ನು ಶಾಪಗ್ರಸ್ತರೆಂದು ಬೋಧಿಸುವಂತಿಲ್ಲ ಎಂದು ಅದು ಸಾರಿತು. ಅದಕ್ಕೆ ಆಧಾರವಾದದ್ದು ಪೌಲರ ಅದೇ ಪತ್ರ. ಮುಸ್ಲಿಮರನ್ನು ಗೌರವದಿಂದ ಕಾಣುವ ಪರಿಚ್ಛೇದವೂ ಇದೇ ಘೋಷಣೆಯಲ್ಲಿದೆ.

ಅಂದು ಅರಬ್ ಸರಕಾರಗಳು ಇದನ್ನು ತೀವ್ರವಾಗಿ ವಿರೋಧಿಸಿದ್ದವು. ಅರಬ್ ನಾಡುಗಳ ಬಿಷಪರೂ ಕಳವಳಗೊಂಡಿದ್ದರು. ಘೋಷಣೆಯು ಇಸ್ರೇಲಿಗೆ ಮಾನ್ಯತೆಯಾಗಿ ಪರಿಣಮಿಸೀತೆಂಬ ಭಯ ಅವರದು. ಬಿಷಪರ ಭಯ ಅರ್ಥವಾಗುವಂತಹದು. ಸರಕಾರಗಳ ವಿರೋಧವನ್ನು ನಾವು ಒಪ್ಪಲಾರೆವು. ತಂದೆಯ ತಪ್ಪನ್ನೇ ಮಗನ ಮೇಲೆ ಹೊರಿಸಬಾರದಾಗಿರುವಾಗ ಎರಡು ಸಾವಿರ ವರ್ಷಗಳ ಹಿಂದಿನ ಘಟನೆಗೆ ಒಂದು ಜನಾಂಗವನ್ನೇ ಅಪರಾಧಿಯಾಗಿಸುವುದು ಯಾವ ನ್ಯಾಯ? ಪ್ಯಾಲೆಸ್ತೀನಿನ ಹಕ್ಕಿಗೆ ಆ ಹಳೆಯ ಆರೋಪದ ಊರುಗೋಲು ಬೇಕಾಗಿಯೂ ಇಲ್ಲ. ಇಷ್ಟಕ್ಕೂ ವ್ಯಾಟಿಕನ್ ಇಸ್ರೇಲಿನೊಂದಿಗೆ ರಾಜತಾಂತ್ರಿಕ ಸಂಬಂಧದ ಒಪ್ಪಂದಕ್ಕೆ ಸಹಿ ಹಾಕಿದ್ದು 28 ವರ್ಷಗಳ ಬಳಿಕ, 1993ರ ಡಿಸೆಂಬರಿನಲ್ಲಿ.

ನಮ್ಮನ್ನು ಹೆಚ್ಚು ಚಿಂತೆಗೀಡು ಮಾಡುವುದು ಬೇರೊಂದು ಬೋಧನೆ. ಹತ್ತೊಂಬತ್ತನೇ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿ ರೂಪಿಸಿದ, 1909ರ ಸ್ಕೋಫೀಲ್ಡ್ ಬೈಬಲಿನ ಟಿಪ್ಪಣಿಗಳು ಅಮೆರಿಕದಲ್ಲಿ ಮನೆಮಾತಾಗಿಸಿದ ಈ ವ್ಯಾಖ್ಯಾನದಂತೆ, ಯಹೂದಿಯರು ಪ್ಯಾಲೆಸ್ತೀನಿನಲ್ಲಿ ಒಟ್ಟುಗೂಡುವುದು ಅಂತ್ಯಕಾಲದ ಲಕ್ಷಣ. ಬಳಿಕ ಘೋರ ಸಂಕಟ ಬಂದೆರಗುವುದು, ಉಳಿದವರು ಯೇಸುವನ್ನು ಒಪ್ಪಿಕೊಳ್ಳುವರು. ಇಲ್ಲಿ ಯಹೂದಿ ಶಾಪಗ್ರಸ್ತನಲ್ಲ, ಪ್ರೀತಿಪಾತ್ರನೇ. ಆದರೆ ಬೇರೊಬ್ಬರ ನಾಟಕದ ಪಾತ್ರಧಾರಿಯಾಗಿ. ಅಗಸ್ಟಿನರಿಗೆ ಸಾಕ್ಷಿಯಾಗಿ ಬೇಕಾಗಿದ್ದವನು ಇವರಿಗೆ ಗಡಿಯಾರದ ಮುಳ್ಳಾಗಿ ಬೇಕಾಗಿದ್ದಾನೆ. ಆ ನೆಲದಲ್ಲಿ ಬಾಳುತ್ತಿರುವ ಅರಬ್ಬನಿಗಂತೂ, ಆತ ಕ್ರೈಸ್ತನೇ ಆಗಿದ್ದರೂ, ಈ ನಾಟಕದಲ್ಲಿ ಪಾತ್ರವೇ ಇಲ್ಲ.

2006ರಲ್ಲಿ ಟೆಕ್ಸಾಸಿನ ಪಾದ್ರಿ ಜಾನ್ ಹೇಗಿ ಇಂತಹ ಕ್ರೈಸ್ತರನ್ನು ಇಸ್ರೇಲಿನ ಬೆಂಬಲಕ್ಕಾಗಿ ಸಂಘಟಿಸಿದರು. ಅದೇ ವರ್ಷದ ಆಗಸ್ಟಿನಲ್ಲಿ ಜೆರುಸಲೇಮಿನ ಕ್ಯಾಥೊಲಿಕ್, ಸಿರಿಯನ್ ಆರ್ಥೊಡಾಕ್ಸ್, ಆಂಗ್ಲಿಕನ್ ಮತ್ತು ಲೂಥರನ್ ಚರ್ಚುಗಳ ಮುಖ್ಯಸ್ಥರು ಜಂಟಿ ಹೇಳಿಕೆ ಹೊರಡಿಸಿ, ಕ್ರೈಸ್ತ ಝಿಯೋನಿಸಮ್ ಸುಳ್ಳು ಬೋಧನೆಯೆಂದು ತಿರಸ್ಕರಿಸಿದರು. ಸಹಿ ಹಾಕಿದವರಲ್ಲಿ ಮೊದಲಿಗರಾದ ಮಿಶೆಲ್ ಸಬ್ಬಾ ಅವರು ನಜರೇತಿನಲ್ಲಿ ಹುಟ್ಟಿದವರು. ಯೇಸುವಿನ ಊರಿನವರ ಈ ಮಾತು ಟೆಕ್ಸಾಸಿನ ಆ ವೇದಿಕೆಗಳನ್ನು ತಲುಪಿದ ಲಕ್ಷಣ ಕಾಣಿಸುತ್ತಿಲ್ಲ.