ಛಾಯಾಚಿತ್ರಕ್ಕೊಂದು ಗೋಡೆ

ಬೆಳಗಿನ ಪತ್ರಿಕೆಯ ಚಿತ್ರ ಸಂಜೆಗೆ ಕಡಲೆಕಾಯಿಯ ಪೊಟ್ಟಣವಾಗುವುದು ನಮಗೆ ಹೊಸದಲ್ಲ. ಲಂಡನ್ನಿನಲ್ಲಿಯೂ ಗೋಡೆಯ ಗೌರವ ಬಹುಕಾಲ ವರ್ಣಚಿತ್ರಗಳಿಗೇ ಹೆಚ್ಚಾಗಿ ಸಲ್ಲುತ್ತಿತ್ತು. 1971ರ ಜನವರಿಯಲ್ಲಿ ಸ್ಯೂ ಡೇವಿಸ್ ಎಂಬ ಮಹಿಳೆ, ಗ್ರೇಟ್ ನ್ಯೂಪೋರ್ಟ್ ಬೀದಿಯ ಹಳೆಯ ಚಹದಂಗಡಿಯೊಂದರಲ್ಲಿ, ಛಾಯಾಚಿತ್ರಗಳಿಗೆಂದೇ ಸಾರ್ವಜನಿಕ ಚಿತ್ರಶಾಲೆಯನ್ನು ತೆರೆದರು. ಅದೇ 'ಫೋಟೋಗ್ರಾಫರ್ಸ್ ಗ್ಯಾಲರಿ'. ಅದಕ್ಕಾಗಿ ಆಕೆ ತಮ್ಮ ಮನೆಯನ್ನೇ ಅಡವಿಟ್ಟರು. ಹಾಗೆಂದರೇನೆಂದು ಗೃಹಸ್ಥರಾದ ವಾಚಕರಿಗೆ ಬಿಡಿಸಿ ಹೇಳಬೇಕೆ?

ಮೊದಲ ಪ್ರದರ್ಶನವನ್ನು ಸಂಯೋಜಿಸಿದವರು ಕಾರ್ನೆಲ್ ಕಾಪಾ. ಹೆಸರು 'ದಿ ಕನ್ಸರ್ನ್ಡ್ ಫೋಟೋಗ್ರಾಫರ್'. ಪರರ ನೋವಿಗೆ ಮರುಗಿ ಚಿತ್ರ ತೆಗೆದವರ ಕೃತಿಗಳು ಅಲ್ಲಿದ್ದವು. ಅವರಲ್ಲಿ ಕೆಲವರು ಅದಾಗಲೇ ಕೆಲಸದ ನಡುವೆಯೇ ಮಡಿದಿದ್ದರು. 1951ರಲ್ಲಿ ನಮ್ಮ ಬಿಹಾರದ ಹಸಿವನ್ನು 'ಲೈಫ್' ವಾರಪತ್ರಿಕೆಯ ಮೂಲಕ ಜಗತ್ತಿಗೆ ತೋರಿಸಿದ ವರ್ನರ್ ಬಿಶಾಫ್, 1954ರ ಮೇ 16ರಂದು ಪೆರು ದೇಶದ ಬೆಟ್ಟದಲ್ಲಿ ವಾಹನವುರುಳಿ ಅಸುನೀಗಿದರು. ಒಂಬತ್ತು ದಿನಗಳ ತರುವಾಯ ಇಂಡೋಚೀನದಲ್ಲಿ ರಾಬರ್ಟ್ ಕಾಪಾ ನೆಲಬಾಂಬಿಗೆ ಬಲಿಯಾದರು. 1956ರಲ್ಲಿ ಡೇವಿಡ್ ಸೀಮೋರ್ ಸೂಯೆಜ್ ಬಳಿ ಗುಂಡಿಗೆ ತುತ್ತಾದರು.

ರಾಬರ್ಟ್, ಕಾರ್ನೆಲ್ಲರ ಒಡಹುಟ್ಟಿದ ಅಣ್ಣ. ಅಣ್ಣನ ಚಿತ್ರಗಳು ಹಳೆಯ ಪತ್ರಿಕೆಗಳೊಡನೆ ರದ್ದಿಗೆ ಹೋಗಬಾರದೆಂಬುದು ತಮ್ಮನ ಹಟ. ಆ ಹಟಕ್ಕೆ ಲಂಡನ್ನಿನಲ್ಲಿ ಗೋಡೆ ದೊರೆತದ್ದು ಆ ಚಹದಂಗಡಿಯಲ್ಲಿ. ಗ್ಯಾಲರಿ 2008ರಲ್ಲಿ ರ‍್ಯಾಮಿಲೀಸ್ ಬೀದಿಗೆ ಬಿಡಾರ ಬದಲಿಸಿತು. ಚಹದ ನಂಟನ್ನು ಮಾತ್ರ ಅಲ್ಲಿಯೂ ಬಿಟ್ಟಿಲ್ಲ.